ಬಾವಿಯೊಳಗಿಂದ ಬಂದ ‘ಆರಾಮ’

ಎಂಬತ್ತರ ದಶಕದಲ್ಲಿ ನಾನು ಚನ್ನಗಿರಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಬೆಳಿಗ್ಗೆ ಸ್ಟಾಫ್ ರೂಮಿಗೆ ಕಾಲಿಡುತ್ತಲೇ ಯಾರಾದರೂ ‘ಆರಾಮಾ ಮೇಡಂ?’ ಎಂದು ಕೇಳುತ್ತಿದ್ದರು. ನಾನು ಸುಮ್ಮನೆ ‘ಆರಾಮ’ ಅನ್ನುತ್ತಿರಲಿಲ್ಲ. ರಾತ್ರಿ ನಿದ್ದೆ ಬಂತೋ ಇಲ್ಲವೋ, ಯಾವ ಮಂಡಿ ನೋಯುತ್ತಿದೆ, ತಿಂಡಿಗೆ ಏನು ತಿಂದೆ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದೆ. ಹಾಗೆ ಒಮ್ಮೆ ಕೇಳಿದವರು ಮತ್ತೊಮ್ಮೆ ಕೇಳುತ್ತಿರಲಿಲ್ಲ. ಕುಶಲ ವಿಚಾರಿಸಿದರೆ ಆಸ್ಪತ್ರೆಯ ಚೀಟಿ ಓದುತ್ತಾಳೆ ಎಂದು ಹಿಂದಿನಿಂದ ನಗುತ್ತಿದ್ದರೆಂದು ನನಗೆ ಗೊತ್ತಿತ್ತು. ನಗಲಿ. ‘ಆರಾಮ’ ಎಂಬ ಮಾತು ಒಂದು ಬಾವಿಯ ತಳದಿಂದ ಮೇಲೆ ಬಂದದ್ದನ್ನು ನಾನು ಕೇಳಿದ್ದೇನೆ. ಅಂದಿನಿಂದ ಆ ಮಾತನ್ನು ನಂಬಲು ನನ್ನಿಂದ ಆಗಿಲ್ಲ.

ನಾನು ಹೊನ್ನಾಳಿಯವಳು. ನಮ್ಮ ಕಡೆ ಕುಶಲದ ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿದ್ಧವಿರುತ್ತದೆ. ನ್ಯಾಮತಿಯಲ್ಲಿದ್ದ ನಮ್ಮ ಚಿಕ್ಕಮ್ಮ ಉಪವಾಸದ ದಿನವೂ ಯಾರಾದರೂ ‘ಊಟ ಆತಾ?’ ಅಂದರೆ ‘ಆತ್ರಿ, ನಿಮ್ದು?’ ಅನ್ನುತ್ತಿದ್ದಳು. ಸುಳ್ಳು ಹೇಳಿದ್ದಾಳೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೇಳಿದವರು ನಿಜವಾಗಿ ಕೇಳಿರಲಿಲ್ಲ, ಹೇಳಿದವಳು ನಿಜವಾಗಿ ಹೇಳಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ಮಧ್ಯದಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಕೂಡ ಮಾಡಿಕೊಂಡು, ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವಿಜ್ಞಾನದ ಟೀಚರಾಗಿ ಹೋದೆ. ಹೋಗುವ ದಾರಿಯಲ್ಲಿ ದಾವಣಗೆರೆಯಲ್ಲಿ ಬಸ್ಸಿಗೆ ಕಾಯುವಾಗ, ಹಳೇ ಪುಸ್ತಕದ ಗಾಡಿಯಲ್ಲಿ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಿಕೆ ಕಣ್ಣಿಗೆ ಬಿತ್ತು. ಹಿಮದ ಸೀಮೆಯ ಇನುಯಿಟ್ ಜನರ ಊರುಗಳಿಗೆ ಹೊಸದಾಗಿ ಹೋಗುವ ನರ್ಸುಗಳಿಗೂ ಟೀಚರುಗಳಿಗೂ ಬರೆದದ್ದು. ಯಾರನ್ನು ಹೇಗೆ ಮಾತಾಡಿಸಬೇಕು, ಊಟ ರುಚಿಯಾಗಿದ್ದರೆ ಏನು ಹೇಳಬೇಕು, ಹೊಲಿಗೆಯನ್ನು ಹೇಗೆ ಹೊಗಳಬೇಕು, ಇಷ್ಟೇ ಅದರಲ್ಲಿ ಇದ್ದದ್ದು. ಅದು ಗಾಡಿಯವರೆಗೆ ಹೇಗೆ ಬಂತೋ ತಿಳಿಯದು. ನಾನೂ ಗುರುತಿಲ್ಲದ ಊರಿಗೆ ಹೊರಟ ಟೀಚರೇ ಆಗಿದ್ದೆನಲ್ಲ, ನನಗೇ ಬರೆದಂತೆ ಕಂಡಿತು. ಕೊಂಡು ಚೀಲಕ್ಕೆ ಹಾಕಿಕೊಂಡೆ.

ಬಿಳಿಚೋಡಿನಲ್ಲಿ ನನಗೆ ಒಂದು ಕೋಣೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮೂವರಿದ್ದರು: ತಾಯಿ, ಮಗ, ಸೊಸೆ. ಮಗ ನೀರೆತ್ತುವ ಇಂಜಿನ್ನುಗಳ ರಿಪೇರಿ ಮಾಡುತ್ತಿದ್ದ. ಸುತ್ತಲಿನ ಊರುಗಳ ಬಾವಿಗಳಿಗೆಲ್ಲ ಅವನೇ ಇಳಿಯಬೇಕು. ನಾನು ಅವನನ್ನು ಅಣ್ಣ ಎಂದೂ ಅವನ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದೆ. ಅತ್ತಿಗೆಗೆ ನನ್ನದೇ ವಯಸ್ಸು. ಸಂಜೆ ಅವಳು ರೊಟ್ಟಿ ತಟ್ಟುವಾಗ ನಾನು ಒಲೆಯ ಪಕ್ಕ ಕೂತು ಪುಸ್ತಿಕೆ ಓದುತ್ತಿದ್ದೆ.

ಮೊದಲ ದಿನ ರೊಟ್ಟಿ ಮುರಿದು ಬಾಯಿಗಿಟ್ಟು, “ಮಾಮಕ್ತುಕ್” ಅಂದೆ.

“ಯಾವ ಮಾಮ?” ಎಂದು ಅತ್ತಿಗೆಯ ಅತ್ತೆ ಪಡಸಾಲೆಯಿಂದ ಕೇಳಿದರು.

“ಮಾಮ ಅಲ್ಲಮ್ಮ. ರುಚಿಯಾಗೈತೆ ಅಂತ. ಹಿಮದ ದೇಶದವರ ಮಾತು.”

“ರುಚಿಯಾಗೈತೆ ಅನ್ನಾಕೆ ಅಷ್ಟು ದೂರ ಹೋಗಬೇಕಾ ತಾಯಿ? ಇನ್ನೊಂದು ರೊಟ್ಟಿ ಹಾಕಿಸ್ಕಂಡ್ರೆ ನಮಗೆ ತಿಳೀತದೆ.”

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೊಗಳಿದರೆ ಅವಳು ಒಪ್ಪುವವಳೇ ಅಲ್ಲ. ರೊಟ್ಟಿ ಚೆನ್ನಾಗಿದೆ ಅಂದರೆ ‘ಸೀದೈತೆ ಬಿಡ್ರಿ’ ಅನ್ನುವಳು, ಸೀರೆ ಚೆನ್ನಾಗಿದೆ ಅಂದರೆ ‘ಹಳೇದು’ ಅನ್ನುವಳು. ಆದರೆ ಈ ಅರಿಯದ ಮಾತಿನಲ್ಲಿ ಹೊಗಳಿದಾಗ ಮಾತ್ರ ತೆಗೆದುಹಾಕಲು ಅವಳ ಬಳಿ ಉತ್ತರವಿರಲಿಲ್ಲ. ಸುಮ್ಮನೆ ಹೊಗಳಿಸಿಕೊಂಡಳು.

ಅವಳಿಗೆ ತುಂಬ ಹಿಡಿಸಿದ್ದು ಕುಶಲ ಕೇಳುವ ಮಾತು. ‘ಕನುಯಿಪ್ಪಿತ್?’ ಎಂದು ಕೇಳಬೇಕು. ‘ಕನುಯಿಂಗಿತ್ತುಂಗಾ’ ಎಂದು ಉತ್ತರ ಕೊಡಬೇಕು. ನನಗೆ ಏನೂ ಆಗಿಲ್ಲ ಎಂದು ಅರ್ಥ ಅಂತ ಪುಸ್ತಿಕೆಯಲ್ಲಿತ್ತು. ಆ ಜನ ಅದನ್ನು ಹೇಗೆ ನುಡಿಯುತ್ತಾರೋ ದೇವರೇ ಬಲ್ಲ, ನಾವು ನಮ್ಮ ನಾಲಿಗೆಗೆ ಬಂದಂತೆ ನುಡಿದೆವು. ಅತ್ತಿಗೆ ಎರಡು ದಿನ ರೊಟ್ಟಿ ತಟ್ಟುವ ಲಯಕ್ಕೆ ಹೇಳಿ ಹೇಳಿ ಕಲಿತಳು. ಅಣ್ಣ ಊಟಕ್ಕೆ ಕೂತಾಗ ಅವನ ಮೇಲೆ ಪ್ರಯೋಗವಾಯಿತು. ಅವನು ಮೊದಲು ‘ಯಾವ ಇಂಜಿನ್ ಕಂಪನಿ ಅದು?’ ಅಂದ. ವಾರದೊಳಗೆ ಅವನೂ ಕಲಿತ. ಕಲಿತದ್ದಷ್ಟೇ ಅಲ್ಲ, ಆ ಉದ್ದನೆಯ ಉತ್ತರವನ್ನು ಒಂದೇ ಉಸಿರಿನಲ್ಲಿ, ಕೊನೆಯ ‘ಗಾ’ ಎಳೆದು, ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗಿದಂತೆ ಕೂಗುತ್ತಿದ್ದ.

ಅದು ಬರೀ ಆಟವಾಗಿ ಉಳಿಯಲಿಲ್ಲ. ಕಾರಣ ಅತ್ತಿಗೆಯ ಬಾಯಿ. ಅವಳು ಗಂಡನ ಹೆಸರನ್ನು ಹೇಳುತ್ತಿರಲಿಲ್ಲ. ಆ ಕಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ, ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂಬ ಭಯ. ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಬಂದವರು ಯಜಮಾನರ ಹೆಸರು ಕೇಳಿದಾಗ ಅವಳು ಗೋಡೆಯ ಕಡೆ ತಿರುಗಿ ನಿಂತಳು. ಅತ್ತೆ ಒಳಗಿನಿಂದ ಬಂದು ಹೇಳಬೇಕಾಯಿತು. ಬಾವಿಯ ಬಳಿ ಇದು ಕಷ್ಟವೇ ಆಗುತ್ತಿತ್ತು. ಬುತ್ತಿ ತೆಗೆದುಕೊಂಡು ಹೋದಾಗ ದಂಡೆಯ ಮೇಲೆ ನಿಂತು ‘ಏನ್ರೀ’ ಅಂದರೆ ಅಲ್ಲಿದ್ದ ಗಂಡಸರೆಲ್ಲ ‘ಯಾರಿಗವ್ವಾ, ನನಗಾ?’ ಎಂದು ತಮಾಷೆ ಮಾಡುವರು. ಈಗ ಅವಳಿಗೊಂದು ಕರೆ ಸಿಕ್ಕಿತು. ‘ಕನುಯಿಪ್ಪಿತ್?’ ಎಂದು ಬಾವಿಯೊಳಗೆ ಕೂಗಿದರೆ ಅವನೊಬ್ಬನೇ ಉತ್ತರ ಕೊಡಬಲ್ಲ. ಕೆಳಗಿನಿಂದ ‘ಕನುಯಿಂಗಿತ್ತುಂಗಾ’ ಎಂದು ಗೋಡೆಗೆ ಬಡಿದು ಮೇಲೆ ಬರುತ್ತಿತ್ತು. ದನಕಾಯುವವರೂ ಅದನ್ನು ಕೇಳಿ ನಗುತ್ತಿದ್ದರು.

ಆ ವರ್ಷ ಮಾರ್ಚ್ ತಿಂಗಳಲ್ಲೇ ನೀರು ಕೆಳಗೆ ಹೋಯಿತು. ಸೊಕ್ಕೆಯ ಕಡೆ ಹೋಗುವ ದಾರಿಯಲ್ಲಿದ್ದ ಒಂದು ತೋಟದ ಬಾವಿಯಲ್ಲಿ ಮೇಲಿಟ್ಟ ಇಂಜಿನ್ನಿಗೆ ನೀರು ಎಳೆಯಲು ಆಗದೆ ಹೋಯಿತು. ಪಂಪು ನೀರಿನಿಂದ ತುಂಬ ಎತ್ತರದಲ್ಲಿದ್ದರೆ ನೀರು ಹತ್ತುವುದಿಲ್ಲ. ಆಗ ಎಲ್ಲರೂ ಮಾಡುತ್ತಿದ್ದುದು ಒಂದೇ, ಇಂಜಿನ್ನನ್ನೇ ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸುವುದು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಂಡೆಯನ್ನು ಕಡಿದು ಮಾಡಿದ ಕಟ್ಟೆ ಇರುತ್ತಿತ್ತು. ಅದರ ಮೇಲೆ ಇಂಜಿನ್ನು ಕೂರಿಸಿ, ಹೊಗೆ ಹೋಗಲು ಪೈಪಿಗೆ ಪೈಪು ಜೋಡಿಸಿ ದಂಡೆಯವರೆಗೆ ತರುತ್ತಿದ್ದರು. ಅದು ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಇಂಜಿನ್ನು.

ಅಂದು ಭಾನುವಾರ. ಅಣ್ಣ ಬೆಳಿಗ್ಗೆಯೇ ಹೋಗಿದ್ದ. ಮಧ್ಯಾಹ್ನ ಅತ್ತಿಗೆ ಬುತ್ತಿ ಹೊತ್ತು ಹೊರಟಾಗ ರಜೆಯೆಂದು ನಾನೂ ಜೊತೆಗೆ ಹೋದೆ. ನಾವು ತಲುಪುವ ಹೊತ್ತಿಗೆ ಇಂಜಿನ್ನಿನ ಸದ್ದು ಕೇಳುತ್ತಿತ್ತು. ದಂಡೆಯ ಮೇಲೆ ತೋಟದ ಯಜಮಾನ ಒಬ್ಬರೇ ಇದ್ದರು. ವಯಸ್ಸಾದವರು, ಆದರೆ ಗಟ್ಟಿ ಆಳು. ಇಂಜಿನ್ನು ಇಳಿಸಲು ಬಂದಿದ್ದವರು ಉಣ್ಣಲು ಊರಿಗೆ ಹೋಗಿದ್ದರಂತೆ. ಮೂರು ಕಂಬ ನಿಲ್ಲಿಸಿ ಕಟ್ಟಿದ ರಾಟೆ ಹಾಗೇ ಇತ್ತು. ಅದರ ಹಗ್ಗ ಬಾವಿಯೊಳಗೆ ಇಳಿಬಿದ್ದಿತ್ತು.

“ಹೊಗೆ ಪೈಪಿನ ಜಾಯಿಂಟ್ ಒಂದ್ಕಡೆ ಬಿಡ್ತೈತಂತೆ,” ಎಂದರು ಯಜಮಾನರು. “ಇಂಜಿನ್ ಓಡ್ತಿರುವಾಗ್ಲೇ ನೋಡ್ಬೇಕು, ಇಲ್ದಿದ್ರೆ ಎಲ್ಲಿ ಬಿಡ್ತೈತೆ ಅಂತ ತಿಳಿಯಲ್ಲ ಅಂದ. ಆಗ್ಲೇ ಅರ್ಧ ಗಂಟೆ ಆತು.”

ಸ್ವಲ್ಪ ಹೊತ್ತಿಗೆ ಇಂಜಿನ್ನು ನಿಂತಿತು. ಬೇವಿನ ಮರದ ನೆರಳಿನಲ್ಲಿ ಬುತ್ತಿ ಇಟ್ಟು ಅತ್ತಿಗೆ ದಂಡೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಗ್ಗಿ ನೋಡಿದೆ. ಕೆಳಗೆ ಕಟ್ಟೆಯ ಮೇಲೆ ಅಣ್ಣ ಇಂಜಿನ್ನಿಗೆ ಬೆನ್ನು ಕೊಟ್ಟು ಕೂತಿದ್ದ. ತಲೆಗೆ ಸುತ್ತಿದ ಟವೆಲ್ಲು ಕಾಣುತ್ತಿತ್ತು. ಹೊಗೆ ಅಂಥದ್ದೇನೂ ಇರಲಿಲ್ಲ.

“ಕನುಯಿಪ್ಪಿತ್?” ಎಂದು ಅತ್ತಿಗೆ ಕೂಗಿದಳು.

ಮೇಲೆ ಬಂದದ್ದು, “ಕನು...” ಸ್ವಲ್ಪ ಬಿಟ್ಟು ಮತ್ತೆ, “ಕನು, ಕನು...” ಆಮೇಲೆ, “ಹ್ಞೂಂ.”

ಯಜಮಾನರು ನಕ್ಕರು. “ಭಾಷೆ ಮರ್ತಾನೆ ನೋಡವ್ವಾ. ಹೊಟ್ಟೆ ಹಸಿದೈತೆ, ಬುತ್ತಿ ತೋರ್ಸು, ಎಲ್ಲಾ ನೆನಪಾಗ್ತದೆ.”

ನಾನೂ ನಕ್ಕೆ. ಇದನ್ನು ಬರೆಯಲೇಬೇಕು. ಆ ನಗು ನನಗೆ ಈಗಲೂ ಕೇಳಿಸುತ್ತದೆ, ಬೇರೆ ಯಾರೋ ನಕ್ಕಂತೆ.

ಅತ್ತಿಗೆ ಇನ್ನೊಮ್ಮೆ ಕೂಗಿದಳು. ಈ ಸಲ ಉತ್ತರ ಬೇಗ ಬಂತು.

“ಆರಾಮ. ಆರಾಮ ಅದೀನಿ.”

ಅತ್ತಿಗೆ ನನ್ನ ಕಡೆ ತಿರುಗಿದಳು.

“ಟೀಚರಮ್ಮ, ಅವ್ರು ಆರಾಮ ಅಂದ್ರು.”

“ಅಂದ್ರಲ್ಲ ಅತ್ತಿಗೆ. ಮತ್ತೇನು?”

“ನನಗೆ ಹಂಗೆ ಅನ್ನಲ್ಲ ಅವ್ರು. ಆ ಮಾತು ಕೇಳಿದ್ರೆ ಯಾವತ್ತೂ ಅನ್ನಲ್ಲ. ಅವ್ರಿಗೆ ಏನೋ ಆಗೈತೆ. ಮೇಲೆ ಎಳೀರಿ.”

“ಏನೂ ಆಗಿಲ್ಲ, ಗಾಬರಿ ಬೀಳ್ಬೇಡ,” ಎಂದರು ಯಜಮಾನರು. “ಬೆಳಿಗ್ಗೆ ಲಾಟೀನು ಇಳಿಸಿ ನೋಡೇ ಇಳಿದಿದ್ದು. ಬೇಕಾದ್ರೆ ಈಗ್ಲೂ ನೋಡು.”

ಅವರು ಲಾಟೀನು ಹಚ್ಚಿದರು. ಎರಡು ಕಡ್ಡಿ ಗಾಳಿಗೆ ಆರಿ ಮೂರನೆಯದು ಹತ್ತಿತು. ಸಣ್ಣ ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಬಿಟ್ಟರು. ನಾವು ಮೂವರೂ ಬಗ್ಗಿ ನೋಡಿದೆವು. ಲಾಟೀನು ಅಣ್ಣನ ತಲೆಯ ಮಟ್ಟಕ್ಕೆ ಇಳಿಯಿತು, ಅವನ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ದೀಪ ಅಲುಗದೆ ಉರಿಯುತ್ತಿತ್ತು.

“ಉರೀತೈತೆ ನೋಡು. ಗಾಳಿ ಚಲೋ ಐತೆ. ಅಲ್ವೇನ್ರಿ ಟೀಚರಮ್ಮ?”

“ಹೌದು,” ಅಂದೆ.

ಬಾವಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಸಬೇಕು, ಆರಿದರೆ ಇಳಿಯಬಾರದು ಎಂದು ಶುಕ್ರವಾರವಷ್ಟೇ ಒಂಬತ್ತನೇ ತರಗತಿಗೆ ನೋಟ್ಸ್ ಬರೆಸಿದ್ದೆ. ಇಂಗಾಲಾಮ್ಲದ, ಅಂದರೆ ಕಾರ್ಬನ್ ಡೈಆಕ್ಸೈಡಿನ, ವಿಷಯಕ್ಕೆ ಅದು ಸರಿ. ಆದರೆ ಇಂಜಿನ್ನಿನ ಹೊಗೆಯಲ್ಲಿ ಇರುವುದು ಬೇರೆಯೂ ಒಂದು. ಕಾರ್ಬನ್ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಗಾಳಿಯ ಜಾಗವನ್ನು ತಾನು ಹಿಡಿಯುತ್ತದೆ, ಮನುಷ್ಯನಿಗೆ ಮಂಪರು ಬರುತ್ತದೆ. ಅವನು ಸಾಯುವಷ್ಟು ಅದು ಇದ್ದರೂ ಪಕ್ಕದ ದೀಪ ಉರಿಯುತ್ತಲೇ ಇರುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆ ಉತ್ತರಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಆದರೂ ದಂಡೆಯ ಮೇಲೆ ನಿಂತು ‘ಹೌದು’ ಅಂದೆ. ‘ಹೌದು’ ಎಂದ ಮೇಲೆ, ಬಾಯಿ ಇನ್ನೂ ಮುಚ್ಚುವ ಮೊದಲು, ಆ ಪಾಠದ ಪುಟ ನೆನಪಾಯಿತು. ಎಡಗಡೆಯ ಪುಟ, ಕೆಳಗಿನ ಅರ್ಧ.

“ಇಲ್ಲ,” ಅಂದೆ. “ದೀಪ ಉರಿದ್ರೂ ಸಾಯ್ತಾರೆ. ಎಳೀರಿ.”

ಯಜಮಾನರು ನನ್ನನ್ನು ನೋಡಿದರು. ಈಗಷ್ಟೇ ಒಂದು ಹೇಳಿ ಈಗ ಇನ್ನೊಂದು ಹೇಳುವವಳನ್ನು ನೋಡುವ ನೋಟ ಅದು. ಆ ಹೊತ್ತಿಗೆ ಅತ್ತಿಗೆ ಸೀರೆ ಎತ್ತಿ ಕಟ್ಟಿ, ಗೋಡೆಯ ಕಲ್ಲು ಮೆಟ್ಟಿಲಿಗೆ ಒಂದು ಕಾಲು ಇಟ್ಟಾಗಿತ್ತು. ನಾನು ಅವಳ ರಟ್ಟೆ ಹಿಡಿದೆ. ಅವಳು ಬಿಡಿಸಿಕೊಳ್ಳಲು ನನ್ನ ಕೈಗೆ ಹೊಡೆದಳು.

“ಬಿಡ್ರಿ ನನ್ನ.”

“ಇಳಿದ್ರೆ ನೀವೂ ಅಲ್ಲೇ ಕುಂತ್ಕಂತೀರಿ ಅತ್ತಿಗೆ. ಇಬ್ಬರನ್ನ ಎಳೆಯಾಕೆ ನಮ್ಮಿಂದ ಆಗಲ್ಲ. ಅವ್ರೇ ಹಗ್ಗ ಹಾಕ್ಕಬೇಕು. ಹೇಳ್ರಿ ಅವ್ರಿಗೆ.”

ನಾನು ಹಿಡಿದದ್ದು ಸರಿಯೇ ಎಂದು ಈಗ ಎಲ್ಲರೂ ಅನ್ನುತ್ತಾರೆ. ಆಗ ನನಗೆ ಗೊತ್ತಿದ್ದದ್ದು, ಒಬ್ಬ ಹೆಂಡತಿಯನ್ನು ಗಂಡನ ಬಳಿ ಹೋಗದಂತೆ ನಾನು ತಡೆದಿದ್ದೇನೆ ಎಂಬುದಷ್ಟೇ.

ರಾಟೆಯ ಹಗ್ಗದ ತುದಿಯಲ್ಲಿ ಇಂಜಿನ್ನು ಕಟ್ಟಿದ್ದ ಕುಣಿಕೆ ಹಾಗೇ ಇತ್ತು. ಯಜಮಾನರು ಅದನ್ನು ಅಲುಗಿಸಿ ಅಲುಗಿಸಿ ಅಣ್ಣನ ಎದೆಗೆ ತಾಗುವಂತೆ ಮಾಡಿದರು.

“ಹಗ್ಗದಾಗೆ ಕೈ ಹಾಕ್ರೀ,” ಎಂದಳು ಅತ್ತಿಗೆ. “ರೀ, ಕೇಳ್ತೈತಾ? ಹಗ್ಗ.”

“ಹ್ಞೂಂ.”

“ಹ್ಞೂಂ ಅನ್ಬೇಡ್ರಿ, ಹಾಕ್ರಿ.”

“ಹಾಕ್ತೀನಿ ಕಣೇ. ಒಂದೀಟು ಕುಂತ್ಕಂತೀನಿ. ಆರಾಮ ಐತೆ ಇಲ್ಲಿ. ತಂಪೈತೆ.”

ಆ ದನಿಯಲ್ಲಿ ನೋವಿರಲಿಲ್ಲ, ಭಯವಿರಲಿಲ್ಲ. ಊಟ ಮಾಡಿ ಜಗಲಿಯಲ್ಲಿ ಒರಗಿದವನು ಮಾತಾಡಿದಂತಿತ್ತು. ನಾನು ಇಂದಿಗೂ ಬೆಚ್ಚುವುದು ಆ ದನಿ ನೆನೆದಾಗ. ಅವನು ಕಿರುಚಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಹಗ್ಗ ಅವನ ಎದೆಯ ಮೇಲಿಂದ ಜಾರಿತು. ಅವನ ತಲೆ ಇಂಜಿನ್ನಿನ ಮೇಲಿಂದ ಪಕ್ಕಕ್ಕೆ ವಾಲತೊಡಗಿತು. ಪಕ್ಕದಲ್ಲೇ ನೀರು.

“ರೀ,” ಎಂದಳು ಅತ್ತಿಗೆ. “ಕನುಯಿಪ್ಪಿತ್?” ಎಂದಳು. ಏನೂ ಬರಲಿಲ್ಲ. ಬಯ್ದಳು, ನನ್ನ ಎದುರು ಎಂದೂ ಆಡದ ಮಾತುಗಳನ್ನೆಲ್ಲ ಆಡಿದಳು. ಅದಕ್ಕೂ ಉತ್ತರವಿಲ್ಲ. ಆಮೇಲೆ ಬಾವಿಯ ದಂಡೆಯ ಮೇಲೆ ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈ ಬಾಯಿಗೆ ಹಿಡಿದು, ಗಂಡನ ಹೆಸರು ಹಿಡಿದು ಕೂಗಿದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕೂಗಿದಳು. ಅದು ಗೋಡೆಯಿಂದ ಗೋಡೆಗೆ ಬಡಿದು ಎರಡು ಮೂರು ಸಲ ಕೇಳಿಸಿತು. ಯಜಮಾನರು ಹಗ್ಗ ಹಿಡಿದವರು ಹಾಗೇ ನಿಂತರು. ಕೆಳಗೆ ಅಣ್ಣನ ತಲೆ ಎದ್ದಿತು. ನೆತ್ತಿಯ ಮೇಲೆ ಯಾರೋ ತಣ್ಣೀರು ಸುರಿದಂತೆ ಕತ್ತೆತ್ತಿ ಮೇಲೆ ನೋಡಿದ. ಬಾಯಿ ತೆರೆದಿತ್ತು. ಅವಳ ಬಾಯಿಂದ ಆ ಹೆಸರನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

“ಕೈ ಹಾಕು,” ಎಂದಳು ಅತ್ತಿಗೆ. ಏಕವಚನ. “ಕೈ ಹಾಕು, ತಲೆ ಹಾಕು.”

ಮಗು ಅಂಗಿ ತೊಡುವಂತೆ ಅವನು ಒಂದು ಕೈ ತೂರಿಸಿದ, ತಲೆ ತೂರಿಸಿದ. ಮತ್ತೊಂದು ಕೈ ಹೊರಗೇ ಉಳಿಯಿತು. ಯಜಮಾನರು ‘ಸಾಕು’ ಅಂದರು. ಮೂವರೂ ಎಳೆದೆವು. ಅವನ ದೇಹ ಗೋಡೆಗೆ ಬಡಿದ ಸದ್ದು, ರಾಟೆಯ ಕಿರ್ರೆನ್ನುವ ದನಿ. ಅರ್ಧ ದಾರಿಯಲ್ಲಿ ಹಗ್ಗ ಒಮ್ಮೆ ಜಾರಿ ನನ್ನ ಅಂಗೈ ಸುಲಿಯಿತು. ಅವನ ಟವೆಲ್ಲು ಕೆಳಗೆ ಬಿತ್ತು. ನೀರಿಗೆ ಬಿದ್ದದ್ದು ಕೇಳಿಸಿತು. ಅವನೇ ಬಿದ್ದನೆಂದುಕೊಂಡೆ. ಆದರೆ ಭಾರ ಕಡಿಮೆಯಾಗಿರಲಿಲ್ಲ.

ಬೇವಿನ ನೆರಳಿನಲ್ಲಿ ಮಲಗಿಸಿದಾಗ ಅವನ ಕೆನ್ನೆ ಕೆಂಪಗಿತ್ತು, ಮದುವೆಗೆ ಸಿಂಗರಿಸಿದಂತೆ. ಆ ಗಾಳಿ ಕುಡಿದವರ ಬಣ್ಣ ಹೀಗಾಗುತ್ತದೆ ಎಂಬುದೂ ಅದೇ ಪುಟದಲ್ಲಿತ್ತು. ಸುಮಾರು ಹೊತ್ತಿನ ಮೇಲೆ ವಾಂತಿ ಮಾಡಿದ. ಊರಿಂದ ಜನ ಬಂದರು, ಒಂದು ಟ್ರಾಕ್ಟರಿನಲ್ಲಿ ಜಗಳೂರಿನ ಆಸ್ಪತ್ರೆಗೆ ಒಯ್ದರು. ಬಾವಿಯಲ್ಲಿ ಲಾಟೀನು ಇನ್ನೂ ಇಳಿಬಿದ್ದಿತ್ತು. ಯಾರೂ ಮೇಲೆ ತೆಗೆದಿರಲಿಲ್ಲ. ಹೊರಡುವಾಗ ನಾನು ಬಗ್ಗಿ ನೋಡಿದೆ. ಉರಿಯುತ್ತಲೇ ಇತ್ತು.

ಅಣ್ಣ ಬದುಕಿದ. ಆದರೆ ಬಹಳ ದಿನ ತಲೆನೋವು ಅನ್ನುತ್ತಿದ್ದ. ಸ್ಪ್ಯಾನರ್ ಕೈಯಲ್ಲಿ ಹಿಡಿದು ಸ್ಪ್ಯಾನರ್ ಹುಡುಕುತ್ತಿದ್ದ. ಊರಿನಲ್ಲಿ ಮಾತು ಎರಡಾಯಿತು. ಆ ವಿದೇಶದ ಮಾತೇ ಅವನನ್ನು ಉಳಿಸಿತು ಎಂದು ಶಾಲೆಯ ಮಕ್ಕಳು ಅಂದರೆ, ಹೆಂಗಸರು ನೀರಿನ ಹತ್ತಿರ ಬೇರೆಯೇ ಮಾತಾಡಿಕೊಂಡರು. ‘ಹೆಸರು ಹಿಡಿದು ಕರೆದಳಂತೆ. ಅದೂ ಬಾವಿಯೊಳಗೆ.’ ಅತ್ತೆ ಅದನ್ನು ಕೇಳಿಸಿಕೊಂಡು ಮನೆಗೆ ಬಂದು, “ಕರೆದದ್ದಕ್ಕೇ ಎದ್ದು ಬಂದಾನೆ ನನ್ನ ಮಗ. ಅನ್ನೋರು ಅನ್ಲಿ,” ಎಂದರು. ಆದರೆ ಅತ್ತಿಗೆಗೆ ಆ ಮಾತು ನಾಟಿಬಿಟ್ಟಿತ್ತು. ಒಂದು ದಿನ ಒಲೆಯ ಮುಂದೆ ಮೆಲ್ಲಗೆ ಕೇಳಿದಳು.

“ಟೀಚರಮ್ಮ, ಒಂದೇ ಸಲ ಕರೆದೆ. ಒಂದು ಸಲಕ್ಕೆ ಎಷ್ಟು ಆಯಸ್ಸು ಹೋಗ್ತದೆ?”

“ಹಂಗೆಲ್ಲ ಏನೂ ಇಲ್ಲ ಅತ್ತಿಗೆ.”

“ದೀಪ ಉರಿದ್ರೆ ಏನೂ ಆಗಲ್ಲ ಅಂತ್ಲೂ ನೀವೇ ಅಂದ್ರಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ರೊಟ್ಟಿ ತಿರುವಿ ಹಾಕುತ್ತ ಹೇಳಿದಳು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ, ಅವನು ಎದ್ದ ಕೂಡಲೇ, ಗೋಡೆಯ ಆಚೆಯಿಂದ ನನಗೆ ಅವಳ ದನಿ ಕೇಳುತ್ತಿತ್ತು. ಕನುಯಿಪ್ಪಿತ್? ನಾನು ತಲೆ ಬಾಚುತ್ತಿದ್ದರೆ ಬಾಚಣಿಗೆ ಕೂದಲಲ್ಲೇ ನಿಲ್ಲುತ್ತಿತ್ತು. ಮೊದಲ ವಾರಗಳಲ್ಲಿ ಅವನು ‘ಕನು’ ಅಂದು ನಿಲ್ಲಿಸುತ್ತಿದ್ದ. ಆಮೇಲೆ ‘ಕನುಯಿಂಗಿ’ಯವರೆಗೆ ಬಂದ. ‘ಬಿಡೇ, ಆರಾಮ ಅದೀನಿ’ ಅಂದರೆ ಅವಳು ಬಿಡುತ್ತಿರಲಿಲ್ಲ. ಕಾಯುತ್ತಿದ್ದಳು. ಗೋಡೆಯ ಈಚೆ ನಾನೂ ಕಾಯುತ್ತಿದ್ದೆ.

ಮುಂದಿನ ವರ್ಷ ನನಗೆ ಹೊನ್ನಾಳಿಗೆ ವರ್ಗವಾಯಿತು. ಹೊರಡುವ ದಿನ ಇಬ್ಬರೂ ಬಸ್ಸಿನವರೆಗೆ ಬಂದರು. ಅಣ್ಣ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಇಳಿದ. ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಆ ದಿನವೂ ಒಂದು ಬಾವಿಗೆ ಇಳಿಯುವುದಿತ್ತು. ಇಂಜಿನ್ನು ಕೆಳಗೆ ಇಡುವುದು ಬಿಟ್ಟಿದ್ದೀರಾ ಎಂದು ನಾನು ಕೇಳಿದೆ. “ನೀರು ಕೆಳಗೈತಲ್ಲ ಟೀಚರಮ್ಮ, ಇಂಜಿನ್ನು ಎಲ್ಲಿ ಇಡಾಕಾಗ್ತದೆ?” ಎಂದು ನಕ್ಕ. “ಲಾಟೀನು ಇಳಿಸಿ ನೋಡ್ತೀವಿ.”

ನಾನು ಕಿಟಕಿಯ ಪಕ್ಕ ಕೂತ ಮೇಲೆ ಅತ್ತಿಗೆ, ಜನರೆಲ್ಲರ ಎದುರು, ಗಂಡನ ಕಡೆ ತಿರುಗಿ, “ಕನುಯಿಪ್ಪಿತ್?” ಎಂದಳು.

ಅವನಿಗೆ ನಾಚಿಕೆಯಾಯಿತು. ಸುತ್ತ ನೋಡಿದ. ಆಮೇಲೆ ಹಳೆಯ ಹಾಗೆ, ಕಂಡಕ್ಟರು ಕೂಗಿದಂತೆ, ಕೊನೆಯವರೆಗೂ ಹೇಳಿದ. “ಆತಲ್ಲಾ?” ಎಂದ.

“ಇನ್ನೊಂದ್ಸಲ ಅನ್ರಿ,” ಎಂದಳು ಅತ್ತಿಗೆ.

ಅವನು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಹೊರಟಿತು. ಅವನ ತುಟಿ ಅಲುಗುವುದು ಕಂಡಿತು. ಇಂಜಿನ್ನಿನ ಸದ್ದಿನಲ್ಲಿ ಉತ್ತರ ಎಲ್ಲಿಯವರೆಗೆ ಬಂತೋ ನನಗೆ ಕೇಳಿಸಲಿಲ್ಲ.